ಬೀಳುವ ಚುಕ್ಕಿಯ ಚಿತ್ರ ತೆಗೆಯೋಣ

ಡಿಸೆಂಬರ್ ತಿಂಗಳು. ಯಲ್ದೂರಿನ ಹೊರಗೆ ಒಂದು ಹೊಲ. ರಾಗಿ ಕೊಯ್ಲು ಮುಗಿದಿತ್ತು. ಮೆದೆ ಒಟ್ಟಿತ್ತು. ಕಣ ಕಾಯಲು ನಾವು ನಾಲ್ಕೈದು ಜನ ಅಲ್ಲೇ ಮಲಗಿದ್ದೆವು. ಒಬ್ಬ ಅಜ್ಜಿಯೂ ನಮ್ಮ ಜೊತೆ ಇದ್ದರು. ಒಳ್ಳೇ ಚಳಿ. ಕಂಬಳಿ ಹೊದ್ದು ಆಕಾಶ ನೋಡುತ್ತಿದ್ದೆವು.

ಸರ್ರನೆ ಒಂದು ಬೆಳಕಿನ ಗೆರೆ ಹಾದು ಹೋಯಿತು.

"ಅಯ್ಯೋ, ಚುಕ್ಕಿ ಬಿದ್ದೋಯ್ತು! ನೋಡಬೇಡ್ರಪ್ಪಾ, ತಲೆ ಬಗ್ಗಿಸ್ರಿ" ಅಂದರು ಅಜ್ಜಿ.

"ಯಾಕಜ್ಜಿ? ನೋಡಿದ್ರೆ ಏನಾಯ್ತದೆ?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ನಮ್ಮ ಯಜಮಾನ್ರು ಹೋದ ಹಿಂದಿನ ರಾತ್ರಿ ನಾನು ಚುಕ್ಕಿ ಬೀಳೋದು ನೋಡಿದ್ದೆ. ಯಾರಿಗೂ ಹೇಳ್ಲಿಲ್ಲ. ನಾನು ನೋಡಿದ್ದಕ್ಕೇ ಅವ್ರು ಹೋದ್ರು ಅಂತ ಇವತ್ತಿಗೂ ಮನಸ್ಸಿನಾಗೆ ಐತೆ."

ನಮಗೆ ಮಾತು ಹೊರಡಲಿಲ್ಲ. ಎಷ್ಟೋ ವರ್ಷದಿಂದ ಅಜ್ಜಿ ಈ ಭಾರ ಹೊತ್ತಿದ್ದಾರೆ. ಈ ಭಾರ ಇಳಿಸುವುದು ಹೇಗೆ? "ಅದೆಲ್ಲಾ ಸುಳ್ಳು ಅಜ್ಜಿ" ಅಂದರೆ ಸಾಕೇ? ಸಾಲದು. ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕು.

ಅದಕ್ಕೇ ನಾವು ಆಕಾಶದ ಚಿತ್ರ ತೆಗೆಯುವುದನ್ನು ಕಲಿತೆವು. ಹೇಗೆ ಕಲಿತೆವು? ಚಿತ್ರದಲ್ಲಿ ಏನು ಕಂಡಿತು? ಬನ್ನಿ, ತಿಳಿಯೋಣ.

ಬೀಳುವುದು ಚುಕ್ಕಿಯೇ?

ಮೊದಲು ಈ ಪ್ರಶ್ನೆ ನೋಡೋಣ. ಆಕಾಶದ ಚುಕ್ಕಿ ಅಂದರೆ ನಕ್ಷತ್ರ. ನಮ್ಮ ಸೂರ್ಯನೂ ಒಂದು ನಕ್ಷತ್ರ. ಎಲ್ಲಾ ನಕ್ಷತ್ರಗಳೂ ನಮ್ಮ ಭೂಮಿಗಿಂತ ಬಹಳ ಬಹಳ ದೂರದಲ್ಲಿವೆ. ಸೂರ್ಯನೊಳಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಭೂಮಿ ಹಿಡಿಸುತ್ತವೆ. ಅಂಥ ನಕ್ಷತ್ರ ನಮ್ಮ ಹೊಲಕ್ಕೆ ಬೀಳಲು ಆಗುತ್ತದೆಯೇ? ಆಗುವುದಿಲ್ಲ.

ಹಾಗಾದರೆ ಬಿದ್ದದ್ದು ಏನು? ಅದು ಒಂದು ಸಣ್ಣ ಹರಳು. ಮರಳಿನಷ್ಟು, ರಾಗಿ ಕಾಳಿನಷ್ಟು ಚಿಕ್ಕದು. ದೊಡ್ಡದಾದರೆ ಅವರೆಕಾಳಿನಷ್ಟು. ಇದನ್ನು ಉಲ್ಕೆ ಎನ್ನುತ್ತಾರೆ.

ಇಷ್ಟು ಸಣ್ಣ ಹರಳು ಅಷ್ಟು ಬೆಳಕು ಕೊಡುವುದು ಹೇಗೆ? ವೇಗದಿಂದ. ಡಿಸೆಂಬರಿನಲ್ಲಿ ಕಾಣುವ ಉಲ್ಕೆಗಳು ಒಂದು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ಓಡುತ್ತವೆ. ಕೋಲಾರದಿಂದ ಬೆಂಗಳೂರಿಗೆ ಹೋಗಲು ನಮ್ಮ ಬಸ್ಸಿಗೆ ಎರಡು ಗಂಟೆ ಬೇಕು. ಉಲ್ಕೆಗೆ ಎರಡು ಸೆಕೆಂಡು ಸಾಕು!

ಸೈಕಲ್ಲಿಗೆ ಗಾಳಿ ಹೊಡೆದಿದ್ದೀರಾ? ಪಂಪಿನ ತುದಿ ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿ ಹುಟ್ಟುತ್ತದೆ. ಉಲ್ಕೆಯೂ ಹಾಗೇ. ಅದು ತನ್ನ ಮುಂದಿರುವ ಗಾಳಿಯನ್ನು ಜೋರಾಗಿ ಒತ್ತುತ್ತದೆ. ಆ ಬಿಸಿಗೆ ಹರಳು ಉರಿದು ಆವಿಯಾಗುತ್ತದೆ. ಸುತ್ತಲಿನ ಗಾಳಿಯೂ ಹೊಳೆಯುತ್ತದೆ. ನಾವು ನೋಡುವ ಗೆರೆ ಅದೇ.

ಇದೆಲ್ಲಾ ನಡೆಯುವುದು ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ. ಯಲ್ದೂರಿನಿಂದ ಬೆಂಗಳೂರು ಎಷ್ಟು ದೂರವೋ ಹೆಚ್ಚು ಕಡಿಮೆ ಅಷ್ಟು ಮೇಲೆ. "ಇಲ್ಲೇ ತೋಪಿನ ಹಿಂದೆ ಬಿತ್ತು" ಎಂದು ನಮಗೆ ಅನ್ನಿಸುತ್ತದೆ. ಆದರೆ ಅದು ಬಿದ್ದಿರುವುದಿಲ್ಲ. ಮೇಲೇ ಉರಿದು ಹೋಗಿರುತ್ತದೆ.

ಅಪರೂಪಕ್ಕೆ ದೊಡ್ಡ ಕಲ್ಲೂ ಬರುತ್ತದೆ. ಅದು ಪೂರ್ತಿ ಉರಿಯದೆ ನೆಲಕ್ಕೆ ಬೀಳುತ್ತದೆ. ಮಾಲೂರಿನ ದಕ್ಷಿಣಕ್ಕೆ ಹೊಸೂರು ಇದೆಯಲ್ಲ, ಅದರ ಆಚೆ ಶೂಲಗಿರಿ. ಅಲ್ಲಿ 2008ರ ಸೆಪ್ಟೆಂಬರ್ 12ರಂದು ಇಂಥ ಕಲ್ಲು ಬಿತ್ತು. ಸಿಕ್ಕ ತುಂಡುಗಳ ತೂಕ ನೂರು ಕಿಲೋಗೂ ಹೆಚ್ಚು. ಇಂಥ ಕಲ್ಲು ಸಿಕ್ಕರೆ ಒಡೆಯಬಾರದು, ಮಾರಬಾರದು. ತಾಲ್ಲೂಕು ಕಚೇರಿಗೆ ತಿಳಿಸಬೇಕು. ನಮ್ಮ ದೇಶದಲ್ಲಿ ಇವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಕಾಪಾಡುತ್ತದೆ.

ಹೆಸರು ಗೊತ್ತು, ಮುಖ ಗೊತ್ತೇ?

ರೈತರಿಗೆ ನಕ್ಷತ್ರದ ಹೆಸರು ಯಾರೂ ಹೇಳಿಕೊಡಬೇಕಾಗಿಲ್ಲ. ಕೃತ್ತಿಕೆ ಮಳೆ, ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ, ಪುನರ್ವಸು ಮಳೆ. ಎಲ್ಲವೂ ಬಾಯಲ್ಲೇ ಇವೆ. ಆದರೆ ಈ ನಕ್ಷತ್ರಗಳ ಮುಖ ನೋಡಿದ್ದೀರಾ?

ಜೂನ್ ತಿಂಗಳಲ್ಲಿ ಮೃಗಶಿರ ಮಳೆ ಬರುತ್ತದೆ. ಆಗ ಸೂರ್ಯ ಮೃಗಶಿರ ನಕ್ಷತ್ರದ ನೇರದಲ್ಲಿ ಇರುತ್ತಾನೆ. ಸೂರ್ಯನ ಜೊತೆಗೇ ಅದೂ ಹುಟ್ಟುತ್ತದೆ, ಜೊತೆಗೇ ಮುಳುಗುತ್ತದೆ. ಹಾಗಾಗಿ ಮಳೆಯ ಕಾಲದಲ್ಲಿ ಆ ನಕ್ಷತ್ರ ನಮಗೆ ಕಾಣುವುದಿಲ್ಲ. ಆರು ತಿಂಗಳು ಕಳೆದು ಡಿಸೆಂಬರ್ ಬಂದರೆ ಸೂರ್ಯ ಎದುರು ಕಡೆಗೆ ಹೋಗಿರುತ್ತಾನೆ. ಆಗ ಮೃಗಶಿರ ಇರುಳೆಲ್ಲಾ ಕಾಣುತ್ತದೆ.

ಡಿಸೆಂಬರಿನ ರಾತ್ರಿ 9 ಗಂಟೆಗೆ ಮೂಡಲ ಕಡೆ ತಿರುಗಿ ನಿಲ್ಲಿ. ಮೇಲೆ ಒಂದು ಚಿಕ್ಕ ಗೊಂಚಲು ಕಾಣುತ್ತದೆ. ಅದು ಕೃತ್ತಿಕೆ. ಅದರ ಕೆಳಗೆ ಕೆಂಪಗೆ ಹೊಳೆಯುವುದು ರೋಹಿಣಿ. ಇನ್ನೂ ಕೆಳಗೆ, ಸ್ವಲ್ಪ ಬಲಕ್ಕೆ, ಮೂರು ಚುಕ್ಕಿ ಒಂದೇ ಸಾಲಿನಲ್ಲಿ ಇವೆ. ಆ ಸಾಲಿನ ಎಡಕ್ಕೆ ಕೆಂಪು ಬಣ್ಣದ ದೊಡ್ಡ ಚುಕ್ಕಿ ಆರಿದ್ರಾ. ಆರಿದ್ರಾದ ಹತ್ತಿರವೇ ಮೇಲೆ ಮೃಗಶಿರ.

ಈಗ ಎಡಕ್ಕೆ, ಈಶಾನ್ಯ ಮೂಲೆಗೆ ನೋಡಿ. ಕೆಳಗೆ ಎರಡು ಚುಕ್ಕಿ ಜೋಡಿಯಾಗಿ ಇವೆ. ಅವೇ ಪುನರ್ವಸು. ಇವನ್ನು ಚೆನ್ನಾಗಿ ನೆನಪಿಡಿ. ಯಾಕೆ ಗೊತ್ತೇ? ಡಿಸೆಂಬರ್ 13 ಮತ್ತು 14ರ ರಾತ್ರಿ ಉಲ್ಕೆಗಳು ಈ ಜೋಡಿಯ ಹತ್ತಿರದಿಂದ ಚಿಮ್ಮಿದ ಹಾಗೆ ಕಾಣುತ್ತವೆ. ಜುಲೈಯಲ್ಲಿ ಪುನರ್ವಸು ನೀರಿನ ಮಳೆ ತರುತ್ತದೆ. ಡಿಸೆಂಬರಿನಲ್ಲಿ ಅದರ ಕಡೆಯಿಂದ ಬೆಳಕಿನ ಮಳೆ!

ನಿಜವಾಗಿ ಆ ಹರಳುಗಳು ನಕ್ಷತ್ರದಿಂದ ಬಂದವಲ್ಲ. ಸೂರ್ಯನನ್ನು ಸುತ್ತುವ ಒಂದು ದೊಡ್ಡ ಬಂಡೆ ಇದೆ. ಅದರ ಹೆಸರು ಫೇಥಾನ್. ಅಗಲ ಸುಮಾರು 5 ಕಿಲೋಮೀಟರ್. 1983ರಲ್ಲಿ ಒಂದು ಉಪಗ್ರಹ ತೆಗೆದ ಚಿತ್ರಗಳಲ್ಲಿ ಅದು ಸಿಕ್ಕಿತು. ಸಂತೆಗೆ ಹೋಗುವ ಗಾಡಿಯಿಂದ ರಾಗಿ ಸೋರಿದರೆ ದಾರಿಯುದ್ದಕ್ಕೂ ಕಾಳು ಚೆಲ್ಲಿರುತ್ತದೆ ಅಲ್ಲವೇ? ಹಾಗೇ ಫೇಥಾನಿನಿಂದ ಹರಳು ಚೆಲ್ಲಿದೆ. ಪ್ರತಿ ವರ್ಷ ಡಿಸೆಂಬರಿನಲ್ಲಿ ಭೂಮಿ ಆ ದಾರಿಯನ್ನು ದಾಟುತ್ತದೆ. ಆಗ ಉಲ್ಕೆಗಳು ಹೆಚ್ಚು. ಪುನರ್ವಸು ಇರುವುದು ಮಿಥುನ ರಾಶಿಯಲ್ಲಿ. ಅದಕ್ಕೇ ಇದನ್ನು ಮಿಥುನ ಉಲ್ಕಾಪಾತ ಎನ್ನುತ್ತಾರೆ.

ಕಣ್ಣು ಬೇರೆ, ಕ್ಯಾಮೆರಾ ಬೇರೆ

ನಾವು ಮೊದಲ ಸಲ ಫೋನಿನಲ್ಲಿ ಆಕಾಶದ ಚಿತ್ರ ತೆಗೆದಾಗ ಏನು ಬಂತು? ಬರೀ ಕಪ್ಪು. ಇದ್ದಿಲಿನ ಹಾಗೆ ಕಪ್ಪು. ಎರಡನೆಯ ಸಲ ಕೈಯಲ್ಲಿ ಹಿಡಿದು ಹೆಚ್ಚು ಹೊತ್ತು ತೆಗೆದೆವು. ಚುಕ್ಕಿಗಳೆಲ್ಲಾ ಎರೆಹುಳದ ಹಾಗೆ ಸೊಟ್ಟಗೆ ಬಂದವು. ನಮಗೇ ನಗು ಬಂತು.

ತಪ್ಪು ಎಲ್ಲಿತ್ತು? ಒಂದು ಉದಾಹರಣೆ ನೋಡೋಣ.

ನಲ್ಲಿಯಲ್ಲಿ ನೀರು ತೊಟ್ಟು ತೊಟ್ಟಾಗಿ ಬೀಳುತ್ತಿದೆ. ಬಿಂದಿಗೆಯನ್ನು ಒಂದು ಕ್ಷಣ ಇಟ್ಟು ತೆಗೆದರೆ ಏನೂ ಸಿಗುವುದಿಲ್ಲ. ರಾತ್ರಿಯೆಲ್ಲಾ ಅಲ್ಲಾಡದೆ ಇಟ್ಟರೆ ಬಿಂದಿಗೆ ತುಂಬುತ್ತದೆ. ಕ್ಯಾಮೆರಾ ಕೂಡಾ ಒಂದು ಬಿಂದಿಗೆ. ನಕ್ಷತ್ರದ ಬೆಳಕು ತೊಟ್ಟು ತೊಟ್ಟಾಗಿ ಬರುತ್ತದೆ. ಕ್ಯಾಮೆರಾದ ಬಾಗಿಲನ್ನು 10 ಅಥವಾ 15 ಸೆಕೆಂಡು ತೆರೆದಿಟ್ಟರೆ ಬೆಳಕು ತುಂಬಿಕೊಳ್ಳುತ್ತದೆ. ಈ ಬಾಗಿಲಿಗೆ ಷಟರ್ ಎಂದು ಹೆಸರು. ಆದರೆ ಕ್ಯಾಮೆರಾ ಅಲ್ಲಾಡಬಾರದು. ಅಲ್ಲಾಡಿದರೆ ನೀರು ಬಿಂದಿಗೆಯ ಹೊರಗೆ ಬಿದ್ದ ಹಾಗೆ.

ಹಾಗಾದರೆ ಒಂದು ಗಂಟೆ ತೆರೆದಿಟ್ಟರೆ ಇನ್ನೂ ಒಳ್ಳೆಯದೇ? ಅಲ್ಲ. ಭೂಮಿ ತಿರುಗುತ್ತಿದೆ. ಒಂದು ಗಂಟೆಗೆ ಆಕಾಶ 15 ಡಿಗ್ರಿ ಸರಿದ ಹಾಗೆ ಕಾಣುತ್ತದೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಗಂಟೆಗೆ ಒಂದೂವರೆ ಮುಷ್ಟಿ. ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ.

ಉಲ್ಕೆಯ ವಿಷಯ ಇನ್ನೂ ಬೇರೆ. ಸಾಲಾಗಿ ನೂರು ಬಿಂದಿಗೆ ಇಟ್ಟಿದ್ದೀರಿ ಅನ್ನಿ. ಒಬ್ಬ ಹುಡುಗ ನೀರು ಚಿಮುಕಿಸುತ್ತಾ ಓಡಿ ಹೋದ. ಪ್ರತಿ ಬಿಂದಿಗೆಗೆ ಒಂದೇ ತೊಟ್ಟು. ಎಷ್ಟು ಹೊತ್ತು ಕಾದರೂ ಮತ್ತೊಂದು ತೊಟ್ಟು ಬೀಳುವುದಿಲ್ಲ. ಉಲ್ಕೆ ಹೀಗೇ ಓಡುತ್ತದೆ. ಷಟರ್ ಹೆಚ್ಚು ಹೊತ್ತು ತೆರೆದರೂ ಅದರ ಗೆರೆ ಹೆಚ್ಚು ಹೊಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಎರಡು. ಬಿಂದಿಗೆಯ ಬಾಯಿ ದೊಡ್ಡದಿರಬೇಕು. ಅಂದರೆ ಲೆನ್ಸಿನ ಬಾಯಿ ಪೂರ್ತಿ ತೆರೆದಿರಬೇಕು. ಇನ್ನೊಂದು, ಕ್ಯಾಮೆರಾ ಸಣ್ಣ ಬೆಳಕನ್ನೂ ಗುರುತಿಸಬೇಕು. ಇದನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಗೆ ಐ.ಎಸ್.ಒ. ಎಂದು ಹೆಸರು.

ಏನೇನು ಬೇಕು?

ದುಡ್ಡು ಖರ್ಚು ಮಾಡಿ ದೊಡ್ಡ ಕ್ಯಾಮೆರಾ ತರಬೇಕಾಗಿಲ್ಲ. ಮನೆಯಲ್ಲಿ ಒಂದು ಸ್ಮಾರ್ಟ್ ಫೋನ್ ಇದ್ದರೆ ಅದರಿಂದಲೇ ಶುರು ಮಾಡಬಹುದು. ಜೊತೆಗೆ ಇವು ಬೇಕು:

ಮರಳು ಅಥವಾ ರಾಗಿ ತುಂಬಿದ ಚಿಕ್ಕ ಚೀಲ. ಫೋನನ್ನು ಅದಕ್ಕೆ ಒರಗಿಸಿ ಇಡಲು. ಮೂರು ಕಾಲಿನ ಸ್ಟ್ಯಾಂಡ್ ಇದ್ದರೆ ಇನ್ನೂ ಒಳ್ಳೆಯದು.
ಮೆತ್ತಗಿನ ಹತ್ತಿ ಬಟ್ಟೆ. ಲೆನ್ಸ್ ಒರೆಸಲು.
ಟಾರ್ಚ್. ಅದರ ಗಾಜಿಗೆ ಕೆಂಪು ಕಾಗದ ಕಟ್ಟಿ.
ಕಂಬಳಿ, ಕುಡಿಯುವ ನೀರು.
ನೋಟ್ ಪುಸ್ತಕ ಮತ್ತು ಪೆನ್ಸಿಲ್. ಇದನ್ನು ಮಾತ್ರ ಮರೆಯಬೇಡಿ.

ಟಾರ್ಚಿಗೆ ಕೆಂಪು ಕಾಗದ ಯಾಕೆ? ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಬಿಳಿ ಬೆಳಕು ಒಂದು ಸಲ ಕಣ್ಣಿಗೆ ಬಿದ್ದರೆ ಮತ್ತೆ ಅರ್ಧ ಗಂಟೆ ಕಾಯಬೇಕು. ಮಂದವಾದ ಕೆಂಪು ಬೆಳಕಿನಿಂದ ಅಷ್ಟು ತೊಂದರೆಯಿಲ್ಲ.

ಎಲ್ಲಿ? ಯಾವಾಗ?

ಬೀದಿ ದೀಪ ಇಲ್ಲದ ಜಾಗ ಹುಡುಕಿ. ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ತುಂಬಾ ಮಾವಿನ ತೋಪು. ತೋಪಿನೊಳಗೆ ನಿಂತರೆ ಆಕಾಶ ಕಾಣುವುದಿಲ್ಲ. ಕೊಯ್ಲಾದ ರಾಗಿ ಹೊಲ ಒಳ್ಳೆಯದು. ಹೊಲದವರನ್ನು ಕೇಳಿ ಹೋಗಿ.

ಪಡುವಲ ಕಡೆ ನೋಡಿ. ಆಕಾಶದ ಅಂಚು ಬೆಳ್ಳಗೆ ಕಾಣುತ್ತದೆಯೇ? ಅದು ಬೆಂಗಳೂರಿನ ಕಡೆಯ ದೀಪಗಳ ಬೆಳಕು. ಅಷ್ಟು ದೂರದಿಂದಲೂ ಅದು ಚುಕ್ಕಿಗಳನ್ನು ನುಂಗುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಮೂಡಲ ಕಡೆ, ಮುಳಬಾಗಿಲಿನ ಕಡೆ ತಿರುಗಿಸಿ. ನಮ್ಮ ಕತ್ತಲೆಯೂ ಒಂದು ಆಸ್ತಿ. ಬೀದಿ ದೀಪಕ್ಕೆ ಮೇಲೆ ಮುಚ್ಚಳ ಇದ್ದು ಬೆಳಕು ನೆಲಕ್ಕೆ ಮಾತ್ರ ಬಿದ್ದರೆ ದಾರಿಯೂ ಕಾಣುತ್ತದೆ, ಚುಕ್ಕಿಯೂ ಕಾಣುತ್ತದೆ. ಗ್ರಾಮ ಸಭೆಯಲ್ಲಿ ಈ ಮಾತು ಎತ್ತಬಹುದು.

ಚಂದ್ರನ ಬೆಳಕೂ ಚುಕ್ಕಿಗಳನ್ನು ಮರೆಮಾಡುತ್ತದೆ. ಕ್ಯಾಲೆಂಡರ್ ನೋಡಿ. ಅಮಾವಾಸ್ಯೆಯ ಹತ್ತಿರದ ದಿನ ಆರಿಸಿ. ಉಲ್ಕಾಪಾತದ ದಿನ ಹುಣ್ಣಿಮೆ ಬಂದರೆ ಜೋರಾದ ಉಲ್ಕೆಗಳಷ್ಟೇ ಕಾಣುತ್ತವೆ.

ಡಿಸೆಂಬರ್ 13ರ ರಾತ್ರಿ 10 ಗಂಟೆಯಿಂದ ಬೆಳಗಿನ ಜಾವದವರೆಗೆ ಒಳ್ಳೆಯ ಸಮಯ. 2 ಗಂಟೆ ಹೊತ್ತಿಗೆ ಪುನರ್ವಸು ನೆತ್ತಿಯ ಹತ್ತಿರ ಬರುತ್ತದೆ. ಆಗ ಉಲ್ಕೆ ಹೆಚ್ಚು. ಡಿಸೆಂಬರ್ ತಪ್ಪಿದರೆ ಬೇಸರ ಬೇಡ. ಮೇ ತಿಂಗಳ 5, 6ರ ಬೆಳಗಿನ ಜಾವವೂ ಉಲ್ಕೆಗಳು ಬರುತ್ತವೆ. ಆಗ ಮಾವಿನ ತೋಪು ಕಾಯುವ ಕಾಲ. ಹೇಗೂ ಎಚ್ಚರ ಇರುತ್ತೀರಿ. ಅಕ್ಟೋಬರ್ 21ರ ಸುಮಾರಿಗೂ ಬರುತ್ತವೆ. ಈ ಎರಡೂ ಹ್ಯಾಲಿ ಧೂಮಕೇತು ಚೆಲ್ಲಿದ ಧೂಳು. ಆಗಸ್ಟ್ 12, 13ರ ಉಲ್ಕಾಪಾತ ಹೆಸರುವಾಸಿ. ಆದರೆ ಆಗ ನಮ್ಮ ಕಡೆ ಮೋಡ.

ಒಂದು ಎಚ್ಚರಿಕೆ. ಒಬ್ಬರೇ ಹೋಗಬೇಡಿ. ಹೆಂಗಸರು, ಮಕ್ಕಳು, ಗಂಡಸರು ಎಲ್ಲರೂ ಗುಂಪಾಗಿ ಹೋಗಿ. ಹಗಲಿನಲ್ಲೇ ಜಾಗ ನೋಡಿಕೊಂಡು ಬನ್ನಿ. ಪಾಳು ಬಾವಿ, ಮುಚ್ಚದ ಕೊಳವೆ ಬಾವಿ ಇರುವ ಕಡೆ ಹೋಗಲೇಬೇಡಿ. ಮೆದೆಯ ಹತ್ತಿರ ಹಾವು, ಚೇಳು ಇರಬಹುದು. ಕಾಲಿಗೆ ಚಪ್ಪಲಿಯೋ ಬೂಟೋ ಇರಲಿ. ನಡೆಯುವಾಗ ಟಾರ್ಚ್ ಹಾಕಿ.

ಚಿತ್ರ ತೆಗೆಯುವ ಕ್ರಮ

ಒಂದೊಂದಾಗಿ ಓದಿ. ಹಗಲಿನಲ್ಲೇ ಒಂದು ಸಲ ಮಾಡಿ ನೋಡಿ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಇದ್ದರೆ ಶಾಲೆಗೆ ಹೋಗುವ ಮಕ್ಕಳನ್ನು ಕೇಳಿ. ಕೇಳಲು ನಾಚಿಕೆ ಬೇಡ.

1. ಲೆನ್ಸನ್ನು ಬಟ್ಟೆಯಿಂದ ಒರೆಸಿ. ಬೆರಳಿನ ಜಿಡ್ಡು ಇದ್ದರೆ ಚುಕ್ಕಿಗಳು ಮಂಜಾಗುತ್ತವೆ.

2. ಫ್ಲ್ಯಾಷ್ ಆರಿಸಿ. ಅದರ ಬೆಳಕು ಆಕಾಶಕ್ಕೆ ಮುಟ್ಟುವುದಿಲ್ಲ.

3. ಕ್ಯಾಮೆರಾದಲ್ಲಿ 'ಪ್ರೋ' ಎಂಬ ಭಾಗ ಹುಡುಕಿ. ಬಹಳ ಫೋನುಗಳಲ್ಲಿ ಇದು ಇರುತ್ತದೆ. 'ನೈಟ್' ಎಂಬ ಭಾಗವೂ ಇರುತ್ತದೆ. ನಕ್ಷತ್ರಕ್ಕೆ ಅದು ಸರಿ. ಆದರೆ ಅದು ಹಲವು ಚಿತ್ರ ಸೇರಿಸಿ ಒಂದು ಚಿತ್ರ ಮಾಡುತ್ತದೆ. ಒಂದು ಚಿತ್ರದಲ್ಲಿ ಮಾತ್ರ ಇರುವ ಉಲ್ಕೆಯನ್ನು ಅದು ಅಳಿಸಿಬಿಡಬಹುದು.

4. ಷಟರ್ 15 ಸೆಕೆಂಡು ಇರಲಿ. ಐ.ಎಸ್.ಒ. 1600 ಇರಲಿ. ಚಿತ್ರ ಬೆಳ್ಳಗಾದರೆ 800ಕ್ಕೆ ಇಳಿಸಿ. ಕಪ್ಪಾದರೆ 3200ಕ್ಕೆ ಏರಿಸಿ.

5. ಫೋಕಸ್ ದೂರಕ್ಕೆ ಇಡಿ. ಅಲ್ಲಿ ಸಾಮಾನ್ಯವಾಗಿ ಬೆಟ್ಟದ ಗುರುತು ಇರುತ್ತದೆ. ದೂರದ ಊರಿನ ದೀಪ ನೋಡಿ ಸರಿಮಾಡಿಕೊಳ್ಳಿ. ದೀಪ ಚಿಕ್ಕ ಚುಕ್ಕಿಯ ಹಾಗೆ ಕಂಡರೆ ಸರಿ.

6. ಜೂಮ್ ಮಾಡಬೇಡಿ. ಆಕಾಶ ಎಷ್ಟು ಹೆಚ್ಚು ಹಿಡಿಸುತ್ತದೋ ಅಷ್ಟು ಒಳ್ಳೆಯದು.

7. ಫೋನನ್ನು ಚೀಲಕ್ಕೆ ಒರಗಿಸಿ. ಟೈಮರ್ 3 ಸೆಕೆಂಡಿಗೆ ಇಡಿ. ಗುಂಡಿ ಒತ್ತಿ ಕೈ ತೆಗೆಯಿರಿ. ಚಿತ್ರ ಮುಗಿಯುವವರೆಗೆ ಮುಟ್ಟಬೇಡಿ.

ದೊಡ್ಡ ಕ್ಯಾಮೆರಾ ಇರುವವರು ಅಗಲ ನೋಟದ ಲೆನ್ಸ್ ಹಾಕಿ. ಲೆನ್ಸಿನ ಬಾಯಿ ಪೂರ್ತಿ ತೆರೆಯಿರಿ. ಷಟರ್ 15 ರಿಂದ 20 ಸೆಕೆಂಡು ಇಡಿ.

ಮೊದಲ ದಿನವೇ ಉಲ್ಕೆಗೆ ಆಸೆ ಪಡಬೇಡಿ. ಮೊದಲು ಮೂಡಲ ಕಡೆಯ ಮಳೆ ನಕ್ಷತ್ರಗಳ ಚಿತ್ರ ತೆಗೆಯಿರಿ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ನಾಲ್ಕೂ ಒಂದೇ ಚಿತ್ರದಲ್ಲಿ ಹಿಡಿಸುತ್ತವೆ. ಚಿತ್ರದಲ್ಲಿ ರೋಹಿಣಿ, ಆರಿದ್ರಾಗಳ ಕೆಂಪು ಬಣ್ಣ ಕಣ್ಣಿಗಿಂತ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಮನೆಯವರಿಗೆ ತೋರಿಸಿ. "ಇದು ನಮ್ಮ ರೋಹಿಣಿ ಮಳೆಯ ರೋಹಿಣಿ" ಎಂದು ಹೇಳಿ.

ಉಲ್ಕೆಗೆ ತಾಳ್ಮೆ ಬೇಕು

ಉಲ್ಕೆ ಬಂದ ಮೇಲೆ ಗುಂಡಿ ಒತ್ತಿದರೆ ಆಗುವುದಿಲ್ಲ. ಅದು ಅಷ್ಟರಲ್ಲಿ ಹೋಗಿರುತ್ತದೆ. ಮೀನಿಗೆ ಬಲೆ ಬಿಟ್ಟು ಕಾಯುವ ಹಾಗೆ ಕಾಯಬೇಕು. ಒಂದೇ ಕಡೆ ಕ್ಯಾಮೆರಾ ಇಟ್ಟು ಒಂದಾದ ಮೇಲೊಂದು ಚಿತ್ರ ತೆಗೆಯುತ್ತಾ ಇರಬೇಕು. 15 ಸೆಕೆಂಡಿಗೆ ಒಂದು ಅಂದರೆ ನಿಮಿಷಕ್ಕೆ 4 ಚಿತ್ರ. ಗಂಟೆಗೆ 240 ಚಿತ್ರ. ನಡುವೆ ಸ್ವಲ್ಪ ಸಮಯ ಹೋಗುವುದರಿಂದ ಸುಮಾರು 200 ಎನ್ನೋಣ. ಅದರಲ್ಲಿ ಒಂದೋ ಎರಡೋ ಚಿತ್ರದಲ್ಲಿ ಉಲ್ಕೆ ಸಿಕ್ಕರೆ ನಿಮ್ಮ ಅದೃಷ್ಟ. ಒಂದೂ ಸಿಗದ ರಾತ್ರಿಯೂ ಇದೆ. ನಮಗೆ ಮೊದಲ ಎರಡು ರಾತ್ರಿ ಏನೂ ಸಿಗಲಿಲ್ಲ.

ಕ್ಯಾಮೆರಾವನ್ನು ಪುನರ್ವಸುವಿಗೆ ನೇರವಾಗಿ ಇಡಬೇಡಿ. ಅಲ್ಲಿ ಗೆರೆಗಳು ಗಿಡ್ಡ. ಅಲ್ಲಿಂದ ಮೂರು ನಾಲ್ಕು ಮುಷ್ಟಿ ದೂರ ಇಟ್ಟರೆ ಉದ್ದನೆಯ ಗೆರೆ ಸಿಗುತ್ತದೆ.

ಡಿಸೆಂಬರಿನಲ್ಲಿ ಇಬ್ಬನಿ ಜೋರು. ಲೆನ್ಸಿನ ಮೇಲೆ ಹನಿ ಕೂರುತ್ತದೆ. ಅರ್ಧ ಗಂಟೆಗೊಮ್ಮೆ ಮೆಲ್ಲಗೆ ಒರೆಸಿ. ಹೊರಡುವ ಮೊದಲು ಬ್ಯಾಟರಿ ಪೂರ್ತಿ ತುಂಬಿಸಿ. ಫೋನಿನಲ್ಲಿ ಚಿತ್ರಗಳಿಗೆ ಜಾಗವಿದೆಯೇ ನೋಡಿಕೊಳ್ಳಿ.

ಬೆಳಿಗ್ಗೆ ಚಿತ್ರಗಳನ್ನು ನಿಧಾನವಾಗಿ ನೋಡಿ. ಗೆರೆ ಕಂಡ ಕೂಡಲೇ ಉಲ್ಕೆ ಅನ್ನಬೇಡಿ. ದೇವನಹಳ್ಳಿಗೆ ಬರುವ ವಿಮಾನಗಳೂ ಗೆರೆ ಬಿಡುತ್ತವೆ. ಗುರುತಿಸುವುದು ಹೀಗೆ:

ವಿಮಾನದ ಗೆರೆಯಲ್ಲಿ ದೀಪ ಮಿಣುಕಿದ ಚುಕ್ಕಿಗಳು ಇರುತ್ತವೆ. ಅದು ಮುಂದಿನ ಚಿತ್ರಕ್ಕೂ ಮುಂದುವರಿಯುತ್ತದೆ.
ಉಪಗ್ರಹದ ಗೆರೆ ಹೆಚ್ಚಾಗಿ ಒಂದೇ ಸಮ. ಅದೂ ಮುಂದಿನ ಚಿತ್ರಕ್ಕೆ ಮುಂದುವರಿಯುತ್ತದೆ.
ಉಲ್ಕೆ ಸಾಮಾನ್ಯವಾಗಿ ಒಂದೇ ಚಿತ್ರದಲ್ಲಿ ಇರುತ್ತದೆ. ತುದಿ ಸಣ್ಣ, ನಡುವೆ ದಪ್ಪ. ಕೆಲವು ಸಲ ಹಸಿರು ಬಣ್ಣ.

ಚಿತ್ರಕ್ಕೆ ಇಲ್ಲದ ಗೆರೆ ಸೇರಿಸಬೇಡಿ. ಸುಳ್ಳು ಚಿತ್ರ ಯಾರಿಗೂ ಬೇಡ.

ಚಿತ್ರದ ಜೊತೆ ಬರಹ

ನೋಟ್ ಪುಸ್ತಕ ಮರೆಯಬೇಡಿ ಎಂದೆವಲ್ಲ? ಯಾಕೆ? ಬರಹ ಇಲ್ಲದ ಚಿತ್ರ ಹೆಸರಿಲ್ಲದ ಕಾಗದದ ಹಾಗೆ. ಯಾವತ್ತು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆದರೆ ಅದು ದಾಖಲೆ. ನಾವು ಬರೆದದ್ದು ಹೀಗೆ:

ದಿನಾಂಕ: ಡಿಸೆಂಬರ್ 13
ಊರು: ಯಲ್ದೂರು
ಸಮಯ: ರಾತ್ರಿ 11 ರಿಂದ 12
ದಿಕ್ಕು: ಮೂಡಲು
ಆಕಾಶ: ಮೋಡ ಇಲ್ಲ
ಕಣ್ಣಿಗೆ ಕಂಡ ಉಲ್ಕೆ: 23
ಚಿತ್ರದಲ್ಲಿ ಸಿಕ್ಕಿದ್ದು: 1
ಬರೆದವರ ಸಹಿ

ಇಂಥ ಲೆಕ್ಕ ಬೇರೆ ಬೇರೆ ದೇಶದ ಜನ ಬರೆಯುತ್ತಾರೆ. ಅವನ್ನು ಸೇರಿಸಲು 1988ರಲ್ಲಿ ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆ ಶುರುವಾಯಿತು. ಅದರಲ್ಲಿ ದೊಡ್ಡ ವಿಜ್ಞಾನಿಗಳೂ ಇದ್ದಾರೆ, ಹವ್ಯಾಸಕ್ಕೆ ನೋಡುವವರೂ ಇದ್ದಾರೆ.

ಯಲ್ದೂರಿನಲ್ಲಿ ಒಬ್ಬರು, ಮುಳಬಾಗಿಲಿನಲ್ಲಿ ಒಬ್ಬರು ಒಂದೇ ಉಲ್ಕೆಯ ಚಿತ್ರ ತೆಗೆದರು ಅನ್ನಿ. ಆಗ ಅದು ಎಷ್ಟು ಎತ್ತರದಲ್ಲಿ ಉರಿಯಿತು ಎಂದು ಲೆಕ್ಕ ಹಾಕಬಹುದು. ಹೇಗೆ? ಹೆಬ್ಬೆರಳನ್ನು ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಈಗ ಆ ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿ. ಬೆರಳು ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ಎರಡು ಊರುಗಳು ಎರಡು ಕಣ್ಣಿದ್ದ ಹಾಗೆ. ಎರಡು ಚಿತ್ರದಲ್ಲಿ ಉಲ್ಕೆ ಎಷ್ಟು ಸರಿದಿದೆ ಎಂದು ನೋಡಿದರೆ ಎತ್ತರ ಗೊತ್ತಾಗುತ್ತದೆ. ಆದರೆ ಇಬ್ಬರೂ ಸಮಯವನ್ನು ಸರಿಯಾಗಿ ಬರೆದಿರಬೇಕು.

ಚಿತ್ರ ಹೋಲಿಸಿ ಹೊಸದನ್ನು ಕಂಡುಹಿಡಿದವರು ನಮ್ಮ ನೆರೆಯಲ್ಲೇ ಇದ್ದಾರೆ. ತಮಿಳುನಾಡಿನ ಜವ್ವಾದಿ ಬೆಟ್ಟದಲ್ಲಿ ಕಾವಲೂರು ಎಂಬ ಊರಿದೆ. ಅಲ್ಲಿ ದೊಡ್ಡ ದೂರದರ್ಶಕಗಳಿವೆ. ಅವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. 1988ರಲ್ಲಿ ವಿಜ್ಞಾನಿ ರಾಜಮೋಹನ್ ಅವರು ಅಲ್ಲಿ ತೆಗೆದ ಚಿತ್ರಗಳಲ್ಲಿ ಹೊಸ ಕಿರುಗ್ರಹವೊಂದನ್ನು ಕಂಡರು. ಅದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಟ್ಟರು. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಕಿರುಗ್ರಹ ಜಾಗ ಬದಲಿಸುತ್ತದೆ. ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಅದು ತಿಳಿಯುತ್ತದೆ.

ಆ ವೀಕ್ಷಣಾಲಯಕ್ಕೆ ವೇಣು ಬಾಪು ಅವರ ಹೆಸರಿದೆ. ಕಾವಲೂರಿನಲ್ಲಿ ಅದನ್ನು ಕಟ್ಟಿದವರು ಅವರೇ. 1949ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ, ತಾವು ತೆಗೆದ ಚಿತ್ರದಲ್ಲಿ ಅವರು ಒಂದು ಹೊಸ ಧೂಮಕೇತುವನ್ನು ಕಂಡುಹಿಡಿದಿದ್ದರು.

ಅಜ್ಜಿ ಎಣಿಸಿದರು

ಮೂರನೆಯ ರಾತ್ರಿ ನಮಗೆ ಒಂದು ಒಳ್ಳೆಯ ಉಲ್ಕೆ ಸಿಕ್ಕಿತು. ರೋಹಿಣಿಯ ಪಕ್ಕದಲ್ಲೇ ಉದ್ದನೆಯ ಗೆರೆ. ಬೆಳಿಗ್ಗೆ ಅಜ್ಜಿಯ ಮುಂದೆ ಮೂರು ಚಿತ್ರ ಇಟ್ಟೆವು. ಒಂದು, ಉಲ್ಕೆ ಬರುವ ಮೊದಲು ತೆಗೆದದ್ದು. ಎರಡನೆಯದು ಉಲ್ಕೆಯದು. ಮೂರನೆಯದು ಆಮೇಲೆ ತೆಗೆದದ್ದು.

"ಅಜ್ಜಿ, ಚುಕ್ಕಿ ಬಿದ್ದಿದ್ರೆ ಒಂದು ಕಮ್ಮಿ ಆಗಬೇಕಲ್ವಾ? ಎಣಿಸಿ ನೋಡಿ."

ಅಜ್ಜಿ ಬೆರಳಿಟ್ಟು ಎಣಿಸಿದರು. ಕೃತ್ತಿಕೆಯ ಗೊಂಚಲು ಹಾಗೇ ಇತ್ತು. ರೋಹಿಣಿ ಇತ್ತು. ಮೂರು ಚುಕ್ಕಿಯ ಸಾಲು ಇತ್ತು. ಮೊದಲನೇ ಚಿತ್ರದಲ್ಲಿ ಇದ್ದ ಚುಕ್ಕಿಗಳು ಮೂರನೆಯದರಲ್ಲೂ ಇದ್ದವು.

"ಒಂದೂ ಕಮ್ಮಿ ಇಲ್ವಲ್ಲಾ!" ಅಂದರು.

"ಹೂಂ ಅಜ್ಜಿ. ಬಿದ್ದದ್ದು ರಾಗಿ ಕಾಳಿನಷ್ಟು ಹರಳು. ಉಲ್ಕೆ ಬೀಳದ ರಾತ್ರಿಯೇ ಇಲ್ಲ. ಯಾವ ರಾತ್ರಿ ನೋಡಿದ್ರೂ ಒಂದಾದ್ರೂ ಕಾಣ್ತದೆ. ಸಾವೂ ದಿನಾ ಎಲ್ಲಾದ್ರೂ ಒಂದು ಕಡೆ ಆಗ್ತಾನೇ ಇರ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ನಿಮ್ಮ ಕಣ್ಣಿಂದ ಏನೂ ತಪ್ಪಾಗಿಲ್ಲ."

ಅಜ್ಜಿ ಬಹಳ ಹೊತ್ತು ಚಿತ್ರ ನೋಡುತ್ತಾ ಕೂತರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ "ಇವತ್ತು ರಾತ್ರಿ ನಾನೂ ಎಣಿಸ್ತೀನಿ. ಆ ಪೆನ್ಸಿಲ್ ಕೊಡಿ" ಅಂದರು.

ಅಂದು ರಾತ್ರಿ ಪುಸ್ತಕದಲ್ಲಿ ಲೆಕ್ಕ ಬರೆದವರು ಅಜ್ಜಿ. ಕೆಳಗೆ ಹೆಬ್ಬೆಟ್ಟು ಒತ್ತಲಿಲ್ಲ. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಓದಿದಿರಾ? ಈಗ ಹೇಳಿ

1. ಉಲ್ಕೆ ಎಂದರೇನು? ಅದು ಯಾಕೆ ಹೊಳೆಯುತ್ತದೆ?
2. ಮೃಗಶಿರ ಮಳೆಯ ಕಾಲದಲ್ಲಿ ಮೃಗಶಿರ ನಕ್ಷತ್ರ ಯಾಕೆ ಕಾಣುವುದಿಲ್ಲ?
3. ಉಲ್ಕೆಯ ಗೆರೆಗೂ ವಿಮಾನದ ಗೆರೆಗೂ ಏನು ವ್ಯತ್ಯಾಸ?
4. ನಿಮ್ಮ ಊರಿನಲ್ಲಿ ಕತ್ತಲೆ ಚೆನ್ನಾಗಿರುವ ಜಾಗ ಯಾವುದು?
5. ಇವತ್ತು ರಾತ್ರಿ ಅರ್ಧ ಗಂಟೆ ಆಕಾಶ ನೋಡಿ. ಕಂಡದ್ದನ್ನು ನಾಲ್ಕು ಸಾಲು ಬರೆಯಿರಿ. ದಿನಾಂಕ, ಸಮಯ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.